ತೆಂಗಿನ ದ್ವೀಪಕ್ಕೆ ಒಂದು ದಿನ



ಬೀಡಿ ಕಟ್ಟಿ, ಅಡಿಕೆ ಸುಲಿದು ಬೆನ್ನು ನೋಯುತ್ತದಲ್ಲವೇ? ವರ್ಷಕ್ಕೆ ಒಂದು ದಿನವಾದರೂ ಹಾಯಾಗಿ ಕೂರಬೇಡವೇ? ಬನ್ನಿ, ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿಬರೋಣ. ಇದನ್ನು ತೆಂಗಿನ ದ್ವೀಪ ಅಂತಲೂ ಹೇಳ್ತಾರೆ.

ದ್ವೀಪ ಅಂದರೆ ಸುತ್ತಲೂ ನೀರು, ನಡುವೆ ನೆಲ. ಈ ದ್ವೀಪ ಉಡುಪಿ ಹತ್ತಿರದ ಮಲ್ಪೆಯ ಎದುರು, ಕಡಲಿನಲ್ಲಿ ಉಂಟು. ಕಾಸರಗೋಡಿನಿಂದ ಉಡುಪಿಗೆ ರೈಲು. ಉಡುಪಿಯಿಂದ ಮಲ್ಪೆಗೆ ಬಸ್ಸು. ಬಸ್ಸಿನ ಬೋರ್ಡು ಕನ್ನಡದಲ್ಲಿರುತ್ತದೆ. ಯಾರನ್ನೂ ಕೇಳಬೇಡಿ, ನೀವೇ ಓದಿ ಹತ್ತಿ. ಮುಂದೆ ದೋಣಿ. ಮಳೆಗಾಲದಲ್ಲಿ ದೋಣಿ ಇಲ್ಲ, ಆಗ ಕಡಲು ಜೋರು.

ದ್ವೀಪದಲ್ಲಿ ಊರಿಲ್ಲ, ಮನೆಯಿಲ್ಲ. ರಾತ್ರಿ ಉಳಿಯುವ ಹಾಗಿಲ್ಲ. ತೆಂಗಿನ ಮರ, ಗಾಳಿ, ಅಲೆಯ ಸದ್ದು, ಕಾಲಡಿ ಚಿಪ್ಪು. ಭಾನುವಾರ ಮಾತ್ರ ಹೋಗಬೇಡಿ, ಜಾತ್ರೆಯ ಹಾಗೆ ಜನ!

1498ರಲ್ಲಿ ಕೇರಳಕ್ಕೆ ಬಂದ ವಾಸ್ಕೋ ಡ ಗಾಮ ಇಲ್ಲಿಯೂ ಇಳಿದು ಹೆಸರಿಟ್ಟ ಅಂತ ಹೇಳುತ್ತಾರೆ. ಆದರೆ ನೋಡಬೇಕಾದ್ದು ಕಲ್ಲು. ಯಾರೋ ಕಡೆದು ನಿಲ್ಲಿಸಿದ ಹಾಗೆ ಸಾಲು ಸಾಲು ಕಲ್ಲುಕಂಬ. ಯಾರೂ ಕಡೆದದ್ದಲ್ಲ. ಸುಮಾರು 8 ಕೋಟಿ 80 ಲಕ್ಷ ವರ್ಷ ಹಿಂದೆ ಭೂಮಿಯೊಳಗಿಂದ ಕುದಿಯುವ ಕಲ್ಲಿನ ರಸ ಉಕ್ಕಿ ಬಂತು. ಇದೇ ಲಾವಾ. ತಣ್ಣಗಾಗುತ್ತಾ ಅದು ಕುಗ್ಗಿತು, ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರಿಯುವುದನ್ನು ನೋಡಿದ್ದೀರಲ್ಲ, ಹಾಗೆಯೇ. ಕೆಲವು ಕಂಬಕ್ಕೆ ಐದು ಮುಖ, ಕೆಲವಕ್ಕೆ ಆರು, ಏಳು. ಎಣಿಸಿ ನೋಡಿ.

ನಮ್ಮ ಕೇಂದ್ರದವರು ಹೋದಾಗ ಒಂದು ಸಂಗತಿ ನಡೆಯಿತು. ಫೋಟೋ ತೆಗೆಯಲು ನಾನು ಬಂಡೆಯ ತುದಿಗೆ ಹೊರಟಿದ್ದೆ. ಹಿಂದಿನಿಂದ ಒಬ್ಬರು ಅಕ್ಕ ಕೂಗಿದರು: "ಟೀಚರೇ, ನಿಲ್ಲಿ! ಬೋರ್ಡು ನೋಡ್ಲಿಲ್ವಾ?" ಅವರಿಗೆ 58 ವರ್ಷ. ಅಕ್ಷರ ಕಲಿತು ಒಂದು ವರ್ಷವೂ ಆಗಿರಲಿಲ್ಲ. ಬೆರಳು ತೋರಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಅ-ಪಾ-ಯ." ನನಗೆ ನಾಚಿಕೆಯಾಯಿತು. ಕಲಿಸಿದವಳೇ ಓದಿರಲಿಲ್ಲ.

ಅದು ಬರೀ ಬೋರ್ಡಲ್ಲ. 2022ರ ಏಪ್ರಿಲ್‌ನಲ್ಲಿ ನಮ್ಮ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಪಾಚಿ ಕಟ್ಟಿದ ಕಲ್ಲು ಜಾರುತ್ತದೆ. ಅಲೆ ಹೇಳಿ ಬರುವುದಿಲ್ಲ. ಕಾವಲಿನವರು ಸೀಟಿ ಊದಿದರೆ ಹಿಂದೆ ಬನ್ನಿ.

ದೋಣಿ ಇಳಿಯುವಾಗ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿ. ಚೀಟಿಯಲ್ಲಿ ಬರೆದು ಸೆರಗಿಗೋ ಜೇಬಿಗೋ ಹಾಕಿಕೊಳ್ಳಿ.

ಈಗ ಪುಸ್ತಕ ತೆಗೆಯಿರಿ. ಈ ಮೂರು ಮಾತು ಬರೆಯಿರಿ, ಮನೆಯವರಿಗೆ ಓದಿ ಹೇಳಿ:
ಅಪಾಯ. ಕಲ್ಲು ಜಾರುತ್ತದೆ. ನೀರಿಗೆ ಇಳಿಯಬೇಡಿ.