ಎಸಗಿದವರು ಯಾರು?

'ಎಸಗು' ಎಂಬ ಕ್ರಿಯಾಪದವನ್ನು ನೀವು ಬಲ್ಲಿರಿ. ಕುರ್‌ಆನಿನ ಕನ್ನಡ ಅನುವಾದಗಳಲ್ಲೂ ಪತ್ರಿಕೆಗಳಲ್ಲೂ ಅದು ಅಕ್ರಮ, ದ್ರೋಹ, ದೌರ್ಜನ್ಯಗಳ ಬೆನ್ನಿಗೇ ಬರುತ್ತದೆ. ಹಳಗನ್ನಡದಲ್ಲಿ ಹಾಗಿರಲಿಲ್ಲ. ಅಲ್ಲಿ ಎಸಗು ಎಂದರೆ ಮಾಡು, ತೊಡಗು ಎಂದಷ್ಟೇ, ಒಳ್ಳೆಯದನ್ನೂ ಎಸಗಬಹುದಿತ್ತು. ಇಂದು 'ದಾನವೆಸಗಿದನು' ಎಂದರೆ ಮಕ್ಕಳೂ ನಕ್ಕಾರು.

ಅಲ್‌ಬಕರ ಅಧ್ಯಾಯದ 286ನೇ ವಚನದಲ್ಲಿ ಒಳಿತಿಗೆ 'ಕಸಬ' ಎಂದಿದೆ, ಕೆಡುಕಿಗೆ 'ಇಕ್ತಸಬ'. ಧಾತು ಒಂದೇ (ನಮ್ಮ 'ಕಸಬು' ಕೂಡ ಅದರಿಂದಲೇ ಬಂದದ್ದು). ಎರಡನೆಯ ರೂಪದಲ್ಲಿ ತಾನಾಗಿ ಶ್ರಮಪಟ್ಟು ಗಳಿಸಿಕೊಂಡ ಅರ್ಥವಿದೆಯೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಪಾಪವು ಗಾಳಿಯಲ್ಲಿ ಬಂದು ಮೈಗಂಟುವುದಿಲ್ಲ.

ಇನ್ನು ನಮ್ಮ ಮಾತನ್ನು ಗಮನಿಸಿ. ಬೇರೆಯವರಾದರೆ 'ವಂಚನೆ ಎಸಗಿದರು', ನಾವಾದರೆ 'ತಪ್ಪಾಯ್ತು'. ನಮ್ಮ ತಿಪಟೂರು ಕೊಬ್ಬರಿಯ ಊರು. ರೈತನ ಚೀಲಕ್ಕೆ ಎರಡು ಕಿಲೋ ಕಡಿಮೆ ಬರೆದವನು, ಸಿಕ್ಕಿಬಿದ್ದರೆ, 'ತೂಕದಲ್ಲಿ ಹೆಚ್ಚುಕಮ್ಮಿ ಆಗಿದೆ' ಎಂದಾನು. ಆ ವಾಕ್ಯದಲ್ಲಿ ಕರ್ತೃವೇ ಇಲ್ಲ! ಎಸಗುವುದಕ್ಕೆ ಕರ್ತೃ ಬೇಕೇ ಬೇಕು, ತೌಬಾಕ್ಕೂ ಬೇಕು. 'ನಾನು ಎಸಗಿದೆ' ಎಂದು ಅಲ್ಲಾಹನ ಮುಂದೆ ಒಪ್ಪಿಕೊಂಡರೂ ಲೆಕ್ಕ ಚುಕ್ತಾ ಆಗದು. ಅದು ದಾಸರ ಹಕ್ಕು. ಎರಡು ಕಿಲೋದ ಬೆಲೆ ಆ ರೈತನ ಕೈಸೇರಬೇಕು. ಅವನು ತೀರಿಹೋಗಿದ್ದರೆ ವಾರಸುದಾರರ ಕೈಗೆ.