ಸಿಟ್ಟಿಗೆ ಹತ್ತು ಪದ, ಒಂದೂ ನೆನಪಿಲ್ಲ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಬಿ.ಎ. ಮುಗಿಯುವವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದವಳು. ಬ್ಯಾಂಕ್ ಪರೀಕ್ಷೆಗೆಂದು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೋಚಿಂಗ್‌ಗೆ ಹೋಗುತ್ತಿದ್ದೇನೆ. ದಿನಾ ಇಪ್ಪತ್ತು ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತೇನೆ, ವಾರ ಕಳೆಯುವಷ್ಟರಲ್ಲಿ ಎಲ್ಲ ಮರೆತಿರುತ್ತೇನೆ. ಸಿಟ್ಟಿಗೆ ಸಂಬಂಧಿಸಿದ ಫ್ಯೂರಿಯಸ್, ಐರೇಟ್, ಲಿವಿಡ್, ಇನ್ಸೆನ್ಸ್ಡ್, ಎನ್‌ರೇಜ್ಡ್ ಹೀಗೆ ಹತ್ತು ಪದಗಳ ಮುಂದೆ ‘ತುಂಬಾ ಕೋಪಗೊಂಡ’ ಎಂದೇ ಬರೆದುಕೊಂಡಿದ್ದೇನೆ. ಕಳೆದ ವಾರ ಅಣಕು ಸಂದರ್ಶನದಲ್ಲಿ ನನ್ನ ದೌರ್ಬಲ್ಯ ಏನೆಂದು ಕೇಳಿದರು. ನನಗೆ ಬೇಗ ಸಿಟ್ಟು ಬರುತ್ತದೆ ಎನ್ನಲು ಹೋಗಿ ‘ಐ ಆಮ್ ಎ ವೆರಿ ಲಿವಿಡ್ ಪರ್ಸನ್’ ಎಂದೆ. ಇಡೀ ಕ್ಲಾಸು ನಕ್ಕಿತು. ಅಂದಿನಿಂದ ಇಂಗ್ಲಿಷಿನಲ್ಲಿ ಬಾಯಿ ತೆರೆಯಲು ಭಯ. ನಮ್ಮಂಥವರಿಗೆ ಇದು ಆಗುವ ಕೆಲಸವಲ್ಲವೇ?
– ಹೆಸರು, ಊರು ಬೇಡ

ಉತ್ತರ: ಖಂಡಿತ ಆಗುವ ಕೆಲಸ. ನೀವು ಓದಿದ ಮಾಧ್ಯಮಕ್ಕೂ ಈ ತಪ್ಪಿಗೂ ಸಂಬಂಧವಿಲ್ಲ. ಅದೇ ಪಟ್ಟಿಯನ್ನು ಉರು ಹೊಡೆದ ಯಾರೇ ಆದರೂ, ಇಂಗ್ಲಿಷ್ ಮಾಧ್ಯಮದವರೂ, ಇದೇ ವಾಕ್ಯ ಹೇಳಬಹುದಿತ್ತು. ಒಬ್ಬಳು ಧೈರ್ಯ ಮಾಡಿ ಹೊಸ ಪದ ಬಳಸಿದಾಗ ನಗುವುದನ್ನು ಕಲಿಸುವವರು ಅಲ್ಲಿಯೇ ತಡೆಯಬೇಕಿತ್ತು. ತಡೆಯದೆ ಇದ್ದದ್ದು ಅವರ ಕೊರತೆ.

ಗೊಂದಲದ ಮೂಲ ಆ ಪಟ್ಟಿಯಲ್ಲೇ ಇದೆ. ಒಂದೇ ಅರ್ಥದ ಪದಗಳನ್ನು ಗುಂಪಾಗಿ ಕಲಿತರೆ ಬೇಗ ಬರುತ್ತವೆ ಎಂಬ ನಂಬಿಕೆ ಬಹಳ ಹಳೆಯದು. ಥಾಮಸ್ ಟಿಂಕಮ್ ಎಂಬ ಸಂಶೋಧಕ 1993ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ: ಒಂದೇ ಗುಂಪಿಗೆ ಸೇರಿದ ಹೊಸ ಪದಗಳನ್ನು ಒಟ್ಟಿಗೆ ಕೊಟ್ಟಾಗ ಕಲಿಯಲು ಹೆಚ್ಚು ಹೊತ್ತು ಬೇಕಾಯಿತು. ಹಾಸ್ಟೆಲಿಗೆ ಸೇರಿದ ಮೊದಲ ದಿನವೇ ಸುಧಾ, ಸುಮಾ, ಸುಜಾತಾ ಮೂವರ ಪರಿಚಯವಾದರೆ ಮರುದಿನ ಯಾರು ಯಾರೆಂದು ತಿಳಿಯುವುದಿಲ್ಲವಲ್ಲ, ಹಾಗೆ. ಆದ್ದರಿಂದ ಆ ಹತ್ತು ಪದಗಳನ್ನು ಬೇರೆ ಬೇರೆ ವಾರಗಳಿಗೆ ಚೆದುರಿಸಿಬಿಡಿ.

ಈಗ ಲಿವಿಡ್ ಒಂದನ್ನೇ ಹತ್ತಿರದಿಂದ ನೋಡೋಣ. ಲ್ಯಾಟಿನ್ ಮೂಲದಲ್ಲಿ ಅದು ಬಣ್ಣದ ಹೆಸರು, ಸೀಸದಂಥ ನೀಲಿಗಪ್ಪು. ಪೆಟ್ಟು ಬಿದ್ದು ಚರ್ಮ ಕಂದಿದಾಗ ಕಾಣುವ ಬಣ್ಣ. ಇವತ್ತಿಗೂ ಇಂಗ್ಲಿಷಿನಲ್ಲಿ ಗಾಯದ ಕಲೆಗೆ ‘ಲಿವಿಡ್ ಸ್ಕಾರ್’ ಎನ್ನುತ್ತಾರೆ. ಸಿಟ್ಟಿನಿಂದ ಮುಖದ ಬಣ್ಣವೇ ಬದಲಾಯಿತು ಎಂಬ ಬಳಕೆಯಿಂದ ಮುಂದೆ ಸಿಟ್ಟಿಗೇ ಆ ಹೆಸರು ಬಂತು. ಈ ಅರ್ಥ ನೆಲೆಯೂರಿದ್ದು 20ನೇ ಶತಮಾನದಲ್ಲಿ. ಹಾಗಾಗಿ ಲಿವಿಡ್ ಎಂದರೆ ಆ ಗಳಿಗೆಯ ಸಿಟ್ಟು, ಮನುಷ್ಯನ ಸ್ವಭಾವವಲ್ಲ. ‘ನಮ್ಮಪ್ಪ ಕೆಂಡಾಮಂಡಲವಾದರು’ ಎನ್ನುತ್ತೇವೆ, ‘ನಮ್ಮಪ್ಪ ತುಂಬಾ ಕೆಂಡಾಮಂಡಲ ಮನುಷ್ಯ’ ಎನ್ನುವುದಿಲ್ಲ. ಇದನ್ನು ನಿಮಗೆ ಯಾವ ವ್ಯಾಕರಣ ಪುಸ್ತಕವೂ ಕಲಿಸಿರಲಿಲ್ಲ, ಕೇಳಿ ಕೇಳಿ ಬಂತು. ಲಿವಿಡ್‌ಗೂ ಅದೇ ನಡೆ. ‘ಶಿ ವಾಸ್ ಲಿವಿಡ್’ ಸರಿ. ಅದರ ಹಿಂದೆ ‘ವೆರಿ’ ಹಾಕುವುದಿಲ್ಲ, ಆ ಪದದಲ್ಲೇ ಸಿಟ್ಟು ತುದಿ ಮುಟ್ಟಿದೆ. ಒತ್ತು ಬೇಕಾದರೆ ‘ಆಬ್ಸಲ್ಯೂಟ್ಲಿ ಲಿವಿಡ್’ ಎನ್ನಿ. ನೀವು ಹೇಳಬೇಕೆಂದಿದ್ದ ಮಾತಿಗೆ ‘ಶಾರ್ಟ್ ಟೆಂಪರ್ಡ್’ ಸಾಕಿತ್ತು.

ಉಳಿದವುಗಳಿಗೂ ಹೀಗೆ ಅವುಗಳದೇ ಜಾಗವಿದೆ. ಐರೇಟ್ ಪತ್ರಿಕೆಗಳ ಪದ. ಬಸ್ ಬಾರದೆ ರಸ್ತೆಗಿಳಿದ ಪ್ರಯಾಣಿಕರು ಇಂಗ್ಲಿಷ್ ಪತ್ರಿಕೆಯಲ್ಲಿ ‘ಐರೇಟ್ ಪ್ಯಾಸೆಂಜರ್ಸ್’ ಆಗುತ್ತಾರೆ. ಫ್ಯೂರಿಯಸ್ ಸಿಟ್ಟಿಗಷ್ಟೇ ಅಲ್ಲ, ರಭಸಕ್ಕೂ ಬರುತ್ತದೆ. ಇನ್ಸೆನ್ಸ್ಡ್‌ನ ಬೇರಿನಲ್ಲಿ ಬೆಂಕಿ ಹಚ್ಚುವ ಅರ್ಥವಿದೆ, ಧೂಪಕ್ಕೆ ಹೇಳುವ ಇನ್ಸೆನ್ಸ್ ಅದೇ ಬೇರಿನದು. ಒಂದೊಂದನ್ನೂ ಅದರ ಸರದಿ ಬಂದಾಗ ನೋಡಿಕೊಳ್ಳಿ, ಈಗಲೇ ಬೇಡ.

ಮರೆವಿನ ಬಗ್ಗೆ ಚಿಂತೆ ಬೇಡ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇವೆ ಎಂದು 1885ರಲ್ಲೇ ಬರೆದಿಟ್ಟ. ಮೊದಲ ಒಂದೆರಡು ದಿನದಲ್ಲೇ ಹೆಚ್ಚಿನ ಪಾಲು ಜಾರಿಹೋಗುತ್ತದೆ. ಬಿಡುವು ಕೊಟ್ಟು ಮತ್ತೆ ಓದಿದರೆ ನಿಲ್ಲುತ್ತದೆ ಎಂಬುದನ್ನೂ ಅವನೇ ತೋರಿಸಿದ. ದಿನಕ್ಕೆ ಐದು ಪದ ಸಾಕು. ಒಂದು ಚೀಟಿಯ ಮುಂದೆ ಪದ, ಹಿಂದೆ ನಿಮ್ಮದೇ ಒಂದು ವಾಕ್ಯ. ಮರುದಿನ, ಮೂರನೇ ದಿನ, ವಾರಕ್ಕೆ, ಹದಿನೈದು ದಿನಕ್ಕೆ ಚೀಟಿ ತೆಗೆದು, ಹಿಂಬದಿ ನೋಡುವ ಮುಂಚೆ ವಾಕ್ಯವನ್ನು ಬಾಯಲ್ಲಿ ಹೇಳಿ. ಓದಿಕೊಂಡು ಹೋಗುವುದಕ್ಕೂ ನೆನಪಿನಿಂದ ಹೊರತೆಗೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಪದ ಉಳಿಯುವುದು ಎರಡನೆಯದರಿಂದ. ವಾಕ್ಯ ನಿಮ್ಮ ಮನೆಯದಾಗಿರಲಿ: ‘ಮೈ ಮದರ್ ವಾಸ್ ಲಿವಿಡ್ ವೆನ್ ಐ ಲಾಸ್ಟ್ ಮೈ ಬಸ್ ಪಾಸ್’. ಅವ್ವ ಬೈದದ್ದನ್ನು ಯಾರೂ ಮರೆಯುವುದಿಲ್ಲ.

ಪರೀಕ್ಷೆಯೂ ವಾಕ್ಯದಲ್ಲಿ ಪದದ ಬಳಕೆಯನ್ನೇ ಬೇಡುತ್ತದೆ. ಬ್ಯಾಂಕ್ ಪೂರ್ವಭಾವಿ ಪರೀಕ್ಷೆಯ ಇಂಗ್ಲಿಷ್ ಭಾಗಕ್ಕೆ ಸಿಗುವುದು 20 ನಿಮಿಷ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಬಿಟ್ಟ ಸ್ಥಳ ತುಂಬುವುದು, ತಪ್ಪು ಹುಡುಕುವುದು, ಗದ್ಯಭಾಗ ಓದಿ ಉತ್ತರಿಸುವುದು ಅಲ್ಲಿ ಹೆಚ್ಚು. ಪದ ಯಾವುದರ ಸಂಗಡ ಬರುತ್ತದೆ ಎಂದು ಗೊತ್ತಿದ್ದವರಿಗೆ ಅಂಕ ಸಿಗುತ್ತದೆ, ಬರೀ ಅರ್ಥ ಗೊತ್ತಿದ್ದರೆ ಸಾಲದು. ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಅರ್ಥ ನೋಡಿದ ಮೇಲೆ, ಕಲಿಯುವವರಿಗೆಂದೇ ಮಾಡಿದ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್ ನಿಘಂಟಿನಲ್ಲಿ ಉದಾಹರಣೆ ವಾಕ್ಯಗಳನ್ನೂ ಓದಿ. ಮೊಬೈಲಿನಲ್ಲೇ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಮಾತು. ಬ್ಯಾಂಕಿನ ಸಂದರ್ಶನದಲ್ಲಿ ಬೇಗ ಸಿಟ್ಟು ಬರುತ್ತದೆ ಎಂದು ಯಾವ ಭಾಷೆಯಲ್ಲೂ ಹೇಳಬೇಡಿ. ಸಿಟ್ಟಿಗೆದ್ದ ಗ್ರಾಹಕ ಕೌಂಟರಿಗೆ ಬಂದರೆ ಏನು ಮಾಡುತ್ತೀರಿ ಎಂದು ಅವರೇ ನಿಮ್ಮನ್ನು ಕೇಳುವ ಸಂಭವ ಹೆಚ್ಚು. ಆ ಉತ್ತರವನ್ನು ಈಗಲೇ ಇಂಗ್ಲಿಷಿನಲ್ಲಿ ಬರೆದು, ರೂಮಿನ ಗೆಳತಿಯ ಮುಂದೆ ದಿನಾ ಒಂದು ಸಲ ಗಟ್ಟಿಯಾಗಿ ಹೇಳಿ. ತಿಂಗಳು ಬಿಟ್ಟು, ಏನಾಯಿತೆಂದು ನಮಗೆ ಬರೆಯಿರಿ.