ಅವಳಿಗಳಂತೆ ಕಾಣುವ ನಿಕಾನ್‌ಗಳು

ಹಳೆಯ ಫಿಲ್ಮ್ ಎಸ್‌ಎಲ್‌ಆರ್, ಅಂದರೆ ಲೆನ್ಸಿನಿಂದ ಬರುವ ಬಿಂಬವನ್ನೇ ಕನ್ನಡಿಯ ಮೂಲಕ ಕಣ್ಣಿಗೆ ತೋರಿಸುವ ಕ್ಯಾಮೆರಾವನ್ನು ಕೊಳ್ಳಬಯಸುವವರು, ನಿಕಾನ್ ಎಫ್‌ಎಂ (1977) ಮತ್ತು ಎಫ್‌ಇ (1978) ಮಾದರಿಗಳ ಹೊರಮೈ ಒಂದೇ ಎಂದು ಮೋಸಹೋಗದೆ, ಒಳಗಿನ ಷಟರನ್ನು ವಿಚಾರಿಸುವುದು ಒಳಿತು. ಬೆಳಕು ಬೀಳುವ ಅವಧಿಯನ್ನು ನಿಯಂತ್ರಿಸುವ ಈ ಪರದೆ ಎಫ್‌ಎಂನಲ್ಲಿ ಪೂರ್ಣ ಯಾಂತ್ರಿಕವಾದುದರಿಂದ ಬ್ಯಾಟರಿ ಮುಗಿದರೆ ಬೆಳಕಿನ ಮಾಪಕವಷ್ಟೇ ನಿಲ್ಲುತ್ತದೆ. ಎಫ್‌ಇಯ ಷಟರ್ ವಿದ್ಯುನ್ಮಾನದ್ದಾದ ಕಾರಣ, ಬ್ಯಾಟರಿಯಿಲ್ಲದಾಗ 1/90 ಸೆಕೆಂಡ್ ಮತ್ತು ಗುಂಡಿ ಒತ್ತಿರುವಷ್ಟು ಹೊತ್ತು ತೆರೆದಿರುವ ‘ಬಿ’ ಇವೆರಡೇ ಉಳಿಯುತ್ತವೆ. ಆದರೂ ಲೆನ್ಸಿನ ರಂಧ್ರದ ಅಳತೆಯನ್ನು ಆರಿಸಿಕೊಟ್ಟರೆ ವೇಗವನ್ನು ತಾನೇ ಹೊಂದಿಸುವ ಎಫ್‌ಇ, ಕಲಿಯುವವರಿಗೆ ಹೆಚ್ಚು ಒದಗಿಬರುತ್ತದೆಂದೇ ಹೇಳಬೇಕು.

1982ರ ಎಫ್‌ಎಂ2ಕ್ಕೆ 1/4000 ಸೆಕೆಂಡಿನ ವೇಗದಿಂದ ಬಂದ ಕೀರ್ತಿ (ಅಷ್ಟು ವೇಗ ಬೇಕಾಗುವ ಸಂದರ್ಭಗಳು ವಿರಳವೆಂಬುದು ಬೇರೆ ಮಾತು) ಬೆಲೆಯನ್ನೂ ಏರಿಸಿದೆ. ಎಫ್‌ಎಂ ಮತ್ತು ಎಫ್‌ಇಗಳಲ್ಲಿ ಲೆನ್ಸ್ ಕೂರುವ ಉಂಗುರದ ಅಂಚಿನಲ್ಲಿರುವ ಪುಟ್ಟ ಕೊಂಡಿಯನ್ನು ಮೇಲಕ್ಕೆ ಮಡಚಿ 1977ಕ್ಕಿಂತ ಹಿಂದಿನ ಬಹುಪಾಲು ನಿಕಾನ್ ಲೆನ್ಸುಗಳನ್ನು ಜೋಡಿಸಬಹುದಾಗಿದ್ದು, ಎಫ್‌ಎಂ2ರ ಕೊಂಡಿ ಮಡಚುವುದಿಲ್ಲ. ಆದ್ದರಿಂದ ಮನೆಯಲ್ಲಿ ಹಿರಿಯರ ಕಾಲದ ಲೆನ್ಸುಗಳಿರುವವರಿಗೆ ಹಳೆಯ ಮಾದರಿಯೇ ಮೇಲು. ಯಾವುದನ್ನೇ ಕೊಳ್ಳಲಿ, ಹಿಂಬದಿಯ ಬಾಗಿಲು ತೆರೆದು, ಬೆಳಕು ನುಸುಳದಂತೆ ಅಂಟಿಸಿರುವ ಕಪ್ಪು ಫೋಮ್ ಬೆರಳಿಗೆ ಅಂಟುತ್ತದೆಯೇ ಎಂದು ನೋಡಬೇಕು; ಅಂಟಿದರೆ ಅದನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯುವಂತೆ ಕೇಳಬಹುದು.